ಓದುಗರ ಪ್ರಶ್ನೆಗೆ ಉತ್ತರ: ಮುರುತ್ ಮನೆಯ ಪುಟಿಯುವ ನೆಲ

ಪ್ರಶ್ನೆ: ಮಲೇಷ್ಯಾದ ಸಬಾ ರಾಜ್ಯಕ್ಕೆ ಹೊರಟಿದ್ದೇವೆ. ರಾಜಧಾನಿ ಕೋಟ ಕಿನಬಾಲುವಿನಲ್ಲಿ ಉಳಿದುಕೊಂಡು, ಒಳನಾಡಿನ ತೆನೊಮ್‌ನಲ್ಲಿರುವ ಮುರುತ್ ಎಂಬ ಬುಡಕಟ್ಟು ಜನರ ಸಾಂಸ್ಕೃತಿಕ ಕೇಂದ್ರವನ್ನು ಒಂದೇ ದಿನದಲ್ಲಿ ನೋಡಿ ಬರಬಹುದೇ? ರೈಲೂ ಇದೆಯಂತೆ.
– ಓದುಗರು, ಹೊಸನಗರ

ಉತ್ತರ: ಬರಬಹುದು, ಆದರೆ ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ಕಿಮಾನಿಸ್ ಹತ್ತಿರ ಕ್ರಾಕರ್ ಬೆಟ್ಟಸಾಲು ಹತ್ತಿ, ಕೆನಿಂಗಾವ್ ದಾಟಿ ತೆನೊಮ್ ಮುಟ್ಟಲು ಕಾರಿನಲ್ಲೇ ಮೂರು ತಾಸು ಬೇಕು. ಆಗುಂಬೆ ಘಾಟಿಯಲ್ಲಿ ಹೊಟ್ಟೆ ತೊಳೆಸುವವರು ಹೊರಡುವ ಮೊದಲೇ ಮಾತ್ರೆ ನುಂಗಿಕೊಳ್ಳಿ. ರೈಲು ತಂಜುಂಗ್ ಆರುವಿನಿಂದ ಹೊರಡುತ್ತದೆ. ಬ್ಯೂಫರ್ಟ್‌ನಲ್ಲಿ ಗಾಡಿ ಬದಲಿಸಿದರೆ ಮುಂದಿನದು ಪಾದಾಸ್ ಹೊಳೆಯ ಕಣಿವೆ, ನೋಟ ಬಲು ಚೆಂದ. ಮಳೆಗೆ ಗುಡ್ಡ ಜರಿದು ಹಳಿ ಮುಚ್ಚುವುದೂ ಇದೇ ತುಂಡಿನಲ್ಲಿ. ಹಾಗಾಗಿ ಬೇಕಾದರೆ ಹೋಗುವಾಗ ರೈಲು ಹಿಡಿಯಿರಿ, ವಾಪಸಾತಿಗೆ ಅದನ್ನೇ ನಂಬಿ ವಿಮಾನ ಗೊತ್ತುಮಾಡಬೇಡಿ.

ಕೇಂದ್ರವಿರುವುದು ಪೇಟೆಯಲ್ಲಲ್ಲ, ತೊಮಾನಿ ರಸ್ತೆಯಲ್ಲಿ ಸುಮಾರು 10 ಕಿ.ಮೀ. ಆಚೆ. ಟ್ಯಾಕ್ಸಿಯವರನ್ನು ಅಲ್ಲೇ ಕಾಯಿಸಿಕೊಳ್ಳಿ. ಒಂದು ರಾತ್ರಿ ತೆನೊಮ್‌ನಲ್ಲೇ ತಂಗಿದರೆ ಅಲ್ಲಿನ ರೊಬಸ್ಟಾ ಕಾಫಿಯನ್ನೂ ಕುಡಿಯಬಹುದು. ಹೊರಡುವ ಮೊದಲು ಕೇಂದ್ರಕ್ಕೆ ಫೋನು ಮಾಡಿ ‘ಅವತ್ತು ಪುಟಿಯುವ ನೆಲದ ಕುಣಿತವಿದೆಯೇ’ ಎಂದು ಕೇಳಲೇಬೇಕು. ಜನವಿಲ್ಲದ ದಿನ ಅದು ಬರಿಯ ದೊಡ್ಡ ಮರದ ಮನೆ. ಏಪ್ರಿಲ್‌ನಲ್ಲಿ ಮುರುತ್ ಜನರ ಕಲಿಮಾರಾನ್ ಹಬ್ಬ ನಡೆಯುವ ವರ್ಷ ಅದೇ ಒಳ್ಳೆಯ ಹೊತ್ತು. ಅಷ್ಟು ಪುರುಸೊತ್ತಿಲ್ಲದವರು ಕೋಟ ಕಿನಬಾಲು ಪಕ್ಕದ ಮಾರಿ ಮಾರಿ ಸಾಂಸ್ಕೃತಿಕ ಗ್ರಾಮಕ್ಕೆ ಹೋಗಲಿ. ಅಲ್ಲೂ ಒಂದು ಮುರುತ್ ಮನೆಯಿದೆ.

ಕೌಲಾಲಂಪುರದಿಂದ ಸಬಾಕ್ಕೆ ಹೋಗುವುದು ಒಳನಾಡಿನ ಪ್ರಯಾಣವೇ ಆದರೂ ಅಲ್ಲಿ ಇಳಿದಾಗ ಪಾಸ್‌ಪೋರ್ಟ್ ತಪಾಸಣೆ ಮತ್ತೊಮ್ಮೆ ಆಗುತ್ತದೆ. ಅದನ್ನು ದೊಡ್ಡ ಪೆಟ್ಟಿಗೆಗೆ ತುಂಬಬೇಡಿ.

ಪ್ರಶ್ನೆ: ಮುರುತ್ ಮನೆಯಲ್ಲಿ ಕುಣಿಯುವ ಪುಟಿಯುವ ನೆಲ ಹೇಗೆ ಕೆಲಸ ಮಾಡುತ್ತದೆ? ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬಿದಿರಿನಲ್ಲಿ ಮಾಡಬಹುದೇ?
– ಶಿಕ್ಷಕರು, ಸಾಗರ ತಾಲ್ಲೂಕು

ಉತ್ತರ: ಅದರ ಹೆಸರು ಲನ್ಸರಾನ್. ಉದ್ದುದ್ದ ಬಾಗುವ ಗಳಗಳ ತುದಿಗಳು ಮಾತ್ರ ತೊಲೆಯ ಮೇಲೆ ಕೂರುತ್ತವೆ, ನಡುಭಾಗ ಅಂತರದಲ್ಲಿರುತ್ತದೆ. ಅವುಗಳ ಮೇಲೆ ಹಲಗೆಯ ಅಂಕಣ. ಕಬ್ಬಿಣದ ಸ್ಪ್ರಿಂಗ್ ಇಲ್ಲ, ಮೊಳೆಯೂ ಇಲ್ಲ. ಸಾವಿರ ಸಲ ಬಾಗುವ ಮರದಲ್ಲಿ ಮೊಳೆ ಸಡಿಲಾಗಿ ಮೇಲೆದ್ದರೆ ಕಾಲಿಗೆ ಚುಚ್ಚುತ್ತದೆ ನೋಡಿ. ಕುಣಿಯುವವರೆಲ್ಲ ಒಂದೇ ಲಯದಲ್ಲಿ ಅದುಮಿ ಅದುಮಿ ನೆಲವನ್ನು ತೂಗಿಸುತ್ತಾರೆ. ಅದು ಚೆನ್ನಾಗಿ ತೂಗತೊಡಗಿದ ಮೇಲೆ ಒಬ್ಬ ಜಿಗಿದು, ಮೇಲೆ ತೂಗುಹಾಕಿದ ಬಹುಮಾನವನ್ನು ಕಿತ್ತುಕೊಳ್ಳುತ್ತಾನೆ. ಪೆಟ್ಟಾಗುವುದು ಲಯ ತಪ್ಪಿದವನಿಗೇ: ಅವನು ಇಳಿಯುವ ಹೊತ್ತಿಗೆ ನೆಲ ಮೇಲೇಳುತ್ತಿರುತ್ತದೆ, ಏಟು ಮಂಡಿಗೆ ಬೀಳುತ್ತದೆ.

ಶಾಲೆಯಲ್ಲಿ ಇದನ್ನು ಕಟ್ಟಬೇಡಿ. ಒಂದು ಗಳ ಸೀಳಿದರೂ ಮಕ್ಕಳ ಕಾಲು ಸಂದಿಗೆ ಇಳಿಯುತ್ತದೆ. ಅದರ ಬದಲು ಮುರುತ್ ಜನರದೇ ಮಗುನತಿಪ್ ಕಲಿಸಿ. ಇದು ಬಿದಿರುಗಳ ನಡುವೆ ಹೆಜ್ಜೆ ಹಾಕುವ ಕುಣಿತ. ಸುಮಾರು 9 ಅಡಿಯ ಎರಡು ನೇರ ಗಳ, ಅವುಗಳ ತುದಿಗೆ ಅಡಿಗಟ್ಟೆಯಾಗಿ ಎರಡು ರೀಪರ್ ತುಂಡು, ತುದಿಗೊಬ್ಬರಂತೆ ಹಿಡಿಯುವವರು ಇಬ್ಬರು: ಇಷ್ಟೇ ಸಾಮಾನು. ಎರಡು ಸಲ ಕಟ್ಟೆಗೆ ಬಡಿದು, ಒಂದು ಸಲ ಗಳಕ್ಕೆ ಗಳ ತಾಗಿಸುವ ತಾಳದಿಂದ ಶುರುಮಾಡಿ. ಗಿಣ್ಣುಗಳನ್ನು ಕತ್ತಿಯಲ್ಲಿ ಹೆರೆದು ಮರಳು ಕಾಗದ ತಿಕ್ಕಿ, ಇಲ್ಲದಿದ್ದರೆ ಪಾದದ ಗಂಟು ತರಚುತ್ತದೆ. ಹಿಡಿಯುವವರ ಬೆರಳು ಗಳದ ಕೆಳಗೆ ಹೋಗಬಾರದು. ಮೊದಲ ದಿನ ಜಜ್ಜಿಹೋಗುವುದು ಕುಣಿಯುವವರ ಕಾಲಲ್ಲ, ಇವರ ಬೆರಳು. ಹಸಿ ಬಿದಿರಿಗೆ ಬೇಗ ಕುಟ್ಟೆ ಹಿಡಿಯುತ್ತದೆ, ಚೆನ್ನಾಗಿ ಒಣಗಿದ್ದನ್ನೇ ತರಿಸಿ. ತಾಳ ಕೂರುವ ಮೊದಲೇ ವೇಗ ಹೆಚ್ಚಿಸುವುದು ಎಲ್ಲ ಮೇಷ್ಟ್ರೂ ಮಾಡುವ ತಪ್ಪು.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಮುರುತ್ ಊಟ ಮಾಡಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ‘ಜಾರುಕ್’ ಎಂದರೆ ದೂರವಿರಿ. ಹಂದಿಮಾಂಸ ಇಲ್ಲವೇ ಮೀನನ್ನು ಅನ್ನ, ಉಪ್ಪಿನ ಜೊತೆ ಹುಳಿಬರಿಸಿದ್ದು ಅದು. ಜಾಡಿಯಿಂದ ಕೊಳವೆಯಲ್ಲಿ ಹೀರುವ ‘ತಪಾಯ್’ ಮರಗೆಣಸಿನದೋ ಅಕ್ಕಿಯದೋ ಆಗಿರುತ್ತದೆ. ಅದರಲ್ಲಿ ಮಾಂಸವಿಲ್ಲ, ಆದರೆ ಹೆಂಡವೇ. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ.