ಲೆಕ್ಕ ಕೇಳಿ: ಹೊತ್ತು ಇಷ್ಟೇ, ದುಡ್ಡು ಇಷ್ಟೇ, ಯಾವುದನ್ನು ಎಷ್ಟು ಮಾಡಲಿ?

ಪ್ರಶ್ನೆ: ಮನೆಯಲ್ಲೇ ಚಕ್ಕುಲಿ, ರವೆ ಉಂಡೆ ಮಾಡಿ ಮಾರುತ್ತೇನೆ. ದಿನಕ್ಕೆ ಐದು ಗಂಟೆ ಸಿಗುತ್ತದೆ, ಸಾಮಾನಿಗೆ 1,600 ರೂಪಾಯಿ ಮೀರುವ ಹಾಗಿಲ್ಲ. ಚಕ್ಕುಲಿಗೆ ಕೆಜಿಗೆ 40 ನಿಮಿಷ, 120 ರೂಪಾಯಿ ಸಾಮಾನು, ಲಾಭ 100. ಉಂಡೆಗೆ 20 ನಿಮಿಷ, 200 ರೂಪಾಯಿ ಸಾಮಾನು, ಲಾಭ 90. ಒಂದು ಅಂಗಡಿಗೆ ದಿನಾ 2 ಕೆಜಿ ಚಕ್ಕುಲಿ ಕೊಡಲೇಬೇಕು. ಡಬ್ಬಗಳಲ್ಲಿ ಒಟ್ಟು 12 ಕೆಜಿ ಹಿಡಿಯುತ್ತದೆ. ಯಾವುದನ್ನು ಎಷ್ಟು ಮಾಡಲಿ? ಇನ್ನೂ ಒಂದೆರಡು ಡಬ್ಬ ಕೊಳ್ಳಲಾ? ಸಹಾಯಕ್ಕೆ ಬರುವವರು ಗಂಟೆಗೆ 120 ಕೇಳುತ್ತಾರೆ, ಕರೆಯಲಾ? ಇದೆಲ್ಲ ಇನ್‌ಈಕ್ವಾಲಿಟಿ ಲೆಕ್ಕ ಅಂತಾಳೆ ಪಿಯುಸಿ ಓದುವ ಮಗಳು. (ಓದುಗರು, ಸಾಗರ)

ಉತ್ತರ: ಮಗಳು ಹೇಳಿದ್ದು ಸರಿ. ಐದು ಗಂಟೆಯನ್ನೂ ಮುಗಿಸಲೇಬೇಕು ಅಂತೇನಿಲ್ಲ, ಮೀರಬಾರದು ಅಷ್ಟೇ ಅಲ್ವಾ? ಹಾಗಾಗಿ ಇಲ್ಲಿ 'ಸಮ' ಚಿಹ್ನೆ ಸಾಲದು, 'ಇಷ್ಟರೊಳಗೆ' ಎನ್ನುವ ≤, 'ಕಡೇಪಕ್ಷ ಇಷ್ಟು' ಎನ್ನುವ ≥ ಬೇಕು. ಚಕ್ಕುಲಿಯ ಕೆಜಿಗಳನ್ನು ಚ, ಉಂಡೆಯ ಕೆಜಿಗಳನ್ನು ಉ ಅನ್ನೋಣ.

ಹೊತ್ತು: 40ಚ + 20ಉ ≤ 300
ದುಡ್ಡು: 120ಚ + 200ಉ ≤ 1600
ಡಬ್ಬ: ಚ + ಉ ≤ 12
ಅಂಗಡಿ: ಚ ≥ 2, ಮತ್ತೆ ಉ ≥ 0

ಗ್ರಾಫ್ ಹಾಳೆಯಲ್ಲಿ ಒಂದೊಂದಕ್ಕೂ ಒಂದು ಗೆರೆ ಎಳೆಯಿರಿ. ಪ್ರತಿ ಗೆರೆಯ ಒಂದು ಬದಿ ನಿಮ್ಮದು, ಇನ್ನೊಂದು ಬದಿಗೆ ಹೋಗುವ ಹಾಗಿಲ್ಲ. ಎಲ್ಲ ಗೆರೆಗಳೂ ಒಪ್ಪುವ ಜಾಗ ಮಾತ್ರ ಉಳಿಯುತ್ತದೆ. ಆ ಜಾಗದ ನಡುವೆ ನಿಂತರೆ ಇನ್ನೂ ಸ್ವಲ್ಪ ಮಾಡಲು ಅವಕಾಶ ಇದ್ದೇ ಇರುತ್ತದೆ, ಅಂಚಿಗೆ ಬಂದ ಮೇಲೂ ಅಂಚಿನುದ್ದಕ್ಕೆ ಒಂದು ಕಡೆ ಸರಿದರೆ ಲಾಭ ಏರುತ್ತದೆ ಅಥವಾ ಅಷ್ಟೇ ಇರುತ್ತದೆ, ಹೀಗೆ ಸರಿಯುತ್ತಾ ಹೋಗಿ ನಿಲ್ಲುವುದು ಮೂಲೆಯಲ್ಲಿ. ಅದಕ್ಕೇ ಮೂಲೆಗಳನ್ನು ನೋಡಿದರೆ ಸಾಕು.

ಅಂಗಡಿಯ 2 ಕೆಜಿ ಚಕ್ಕುಲಿ ಮಾತ್ರ ಮಾಡಿದರೆ ಲಾಭ 200. ಕೆಜಿಗೆ ಲಾಭ ಜಾಸ್ತಿ ಅಂತ ಬರೀ ಚಕ್ಕುಲಿ ಮಾಡಿದರೆ ಏಳೂವರೆ ಕೆಜಿಗೆ ಹೊತ್ತು ಮುಗಿಯುತ್ತದೆ, 700 ರೂಪಾಯಿ ಸುಮ್ನೆ ಕೂತಿರುತ್ತದೆ, ಲಾಭ 750. 2 ಕೆಜಿ ಚಕ್ಕುಲಿ, 6.8 ಕೆಜಿ ಉಂಡೆ ಮಾಡಿದರೆ ದುಡ್ಡು ಮುಗಿದು 84 ನಿಮಿಷ ಉಳಿಯುತ್ತದೆ, ಲಾಭ 812. ಎರಡನ್ನೂ ಐದೈದು ಕೆಜಿ ಮಾಡಿ: ಹೊತ್ತೂ ದುಡ್ಡೂ ಒಟ್ಟಿಗೆ ಮುಗಿಯುತ್ತವೆ, ಲಾಭ 950. ಇದೇ ಎಲ್ಲಕ್ಕಿಂತ ಜಾಸ್ತಿ.

ಡಬ್ಬ ಕೊಳ್ಳಬೇಡಿ. ಈ ಹೊತ್ತು, ಈ ದುಡ್ಡಿನಲ್ಲಿ ನೀವು ಹೇಗೆ ಮಾಡಿದರೂ ಒಟ್ಟು 10 ಕೆಜಿ ದಾಟುವುದಿಲ್ಲ, ಅಂದ ಮೇಲೆ 12ರ ಮಿತಿ ಹಾಳೆಯ ಮೇಲೆ ಇದೆ ಅಷ್ಟೇ, ನಿಮ್ಮನ್ನು ಎಲ್ಲೂ ತಡೆಯುತ್ತಿಲ್ಲ.

ಸಹಾಯದ ಪ್ರಶ್ನೆಯೇ ನನಗೆ ತುಂಬಾ ಹಿಡಿಸಿದ್ದು, ಯಾಕೆಂದರೆ ಈ ಲೆಕ್ಕದ ನಿಜವಾದ ಉಪಯೋಗ ಅಲ್ಲಿದೆ. 300 ಇರುವಲ್ಲಿ 360 ಹಾಕಿ ಮತ್ತೆ ಮಾಡಿ ನೋಡಿ. ಮೂಲೆ ಸರಿಯುತ್ತದೆ, ಚಕ್ಕುಲಿ ಸುಮಾರು 7.1 ಕೆಜಿ, ಉಂಡೆ 3.7, ಲಾಭ ಸುಮಾರು 1,048. ಅಂದರೆ ಆ ಗಂಟೆ ತಂದುಕೊಡುವುದು 98 ರೂಪಾಯಿ ಚಿಲ್ಲರೆ. 120 ಕೊಟ್ಟರೆ ಕೈಯಿಂದ ಹೋಗುತ್ತದೆ. 80ಕ್ಕೆ ಬರುವವರಿದ್ದರೆ ಕರೆಯಿರಿ.

ಒಂದು ಮಾತು ನೀವು ಬರೆದಿಲ್ಲ: ಮಾಡಿದ್ದೆಲ್ಲ ಖರ್ಚಾಗುತ್ತದಾ? ಉಂಡೆ ದಿನಕ್ಕೆ 4 ಕೆಜಿ ಮಾತ್ರ ಹೋಗುತ್ತದೆ ಅಂದುಕೊಳ್ಳಿ. ಉ ≤ 4 ಅಂತ ಇನ್ನೊಂದು ಗೆರೆ ಸೇರಿಸಬೇಕು. ಆಗ ಚಕ್ಕುಲಿ 5.5 ಕೆಜಿ, ಲಾಭ 910, ದುಡ್ಡಿನಲ್ಲಿ 140 ಉಳಿಯುತ್ತದೆ, ಬಿಗಿ ಆಗುವುದು ಹೊತ್ತು. ಅಂಥ ದಿನ ಅರ್ಧ ಗಂಟೆ ಮಟ್ಟಿಗೆ ಅದೇ 120ರ ದರಕ್ಕೆ ಕರೆದರೂ ನಷ್ಟವಿಲ್ಲ, 60 ಕೊಟ್ಟರೆ 75 ಬರುತ್ತದೆ.

ಪ್ರಶ್ನೆ: ಇನ್‌ಈಕ್ವಾಲಿಟಿಯ ಎರಡೂ ಬದಿಯನ್ನು ಮೈನಸ್ ಸಂಖ್ಯೆಯಿಂದ ಗುಣಿಸಿದರೆ ಅದರ ಚಿಹ್ನೆ ಯಾಕೆ ತಿರುಗುತ್ತದೆ? ಸರ್ ರೂಲ್ ಅಂತ ಹೇಳಿದರು, ಕಾರಣ ಹೇಳಲಿಲ್ಲ. (ಪಿಯುಸಿ ವಿದ್ಯಾರ್ಥಿ, ಹಾವೇರಿ)

ಉತ್ತರ: 200 ರೂಪಾಯಿ ಕೈಯಲ್ಲಿರುವವನಿಗಿಂತ 500 ಇರುವವನ ಸ್ಥಿತಿ ಮೇಲು. ಅದೇ ದುಡ್ಡು ಸಾಲವಾದರೆ? 200 ಸಾಲ ಇರುವವನೇ ಮೇಲು. ಹಾಗಾಗಿ 200 < 500, ಆದರೆ −200 > −500. ಸಂಖ್ಯಾರೇಖೆಯಲ್ಲಿ ಎರಡೂ ಸೊನ್ನೆಯ ಆಚೆ ಬದಿಗೆ ಹೋದಾಗ ಅವುಗಳ ಸಾಲು ಹಿಂದುಮುಂದಾಗುತ್ತದೆ. ಅನುಮಾನ ಬಂದಾಗ ಒಂದು ಸಂಖ್ಯೆ ಹಾಕಿ ನೋಡು, ತಪ್ಪಿದ್ದರೆ ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ: ಮನೆಯ ತಿಂಗಳ ದಿನಸಿಗೂ ಈ ಲೆಕ್ಕ ನಡೆಯುತ್ತದಾ? (ಓದುಗರು, ಮೈಸೂರು)

ಉತ್ತರ: ನಡೆಯುತ್ತದೆ, ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಇಂಥದ್ದೇ ಲೆಕ್ಕ ಪ್ರಕಟಿಸಿದ್ದರು. 77 ಆಹಾರ, 9 ಪೋಷಕಾಂಶ, ಪ್ರತಿಯೊಂದೂ 'ಕಡೇಪಕ್ಷ ಇಷ್ಟು', ಖರ್ಚು ಆದಷ್ಟು ಕಮ್ಮಿ. 1939ರ ಬೆಲೆಯಲ್ಲಿ ಒಬ್ಬರಿಗೆ ವರ್ಷಕ್ಕೆ 39.93 ಡಾಲರ್ ಬಂತು. ಗಣಿತಜ್ಞ ಜಾರ್ಜ್ ಡಾಂಟ್ಜಿಗ್ ಮೂಲೆಯಿಂದ ಮೂಲೆಗೆ ಸಾಗುವ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದ ಮೇಲೆ, 1947ರಲ್ಲಿ ಅದೇ ಲೆಕ್ಕ ಮಾಡಿದಾಗ ಬಂದ ಉತ್ತರ 39.69. ಸ್ಟಿಗ್ಲರ್ ಅಂದಾಜು ಅಷ್ಟು ಹತ್ತಿರ ಇತ್ತು.

ಆದರೆ ಅವರ ಪಟ್ಟಿಯಲ್ಲಿ ಉಳಿದದ್ದು ಗೋಧಿ ಹಿಟ್ಟು, ಡಬ್ಬದ ಹಾಲು, ಎಲೆಕೋಸು, ಪಾಲಕ್, ಒಣ ಬೀನ್ಸ್, ಇಷ್ಟೇ. ವರ್ಷಪೂರ್ತಿ ಯಾರು ತಿನ್ನುತ್ತಾರೆ? ರುಚಿಯ ಮಿತಿಯನ್ನು ಬರೆಯದಿದ್ದರೆ ಲೆಕ್ಕಕ್ಕೆ ಅದು ಗೊತ್ತಾಗುವುದಿಲ್ಲ. ನೀವು ಮಾಡುವಾಗ ಎಲೆಕೋಸು ವಾರಕ್ಕೆ 1 ಕೆಜಿ ಮೀರಬಾರದು, ಅಕ್ಕಿ ತಿಂಗಳಿಗೆ ಕಡೇಪಕ್ಷ 15 ಕೆಜಿ, ಹೀಗೆ ಮನೆಯವರ ಇಷ್ಟಾನಿಷ್ಟವನ್ನೂ ಸೇರಿಸಿ. ಐಟಂ ಜಾಸ್ತಿಯಾದರೆ ಗ್ರಾಫ್ ಹಾಳೆ ಸಾಲದು, ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಇಂಥ ಲೆಕ್ಕ ಬಿಡಿಸುವ 'ಸಾಲ್ವರ್'ಗೆ ಇದನ್ನೇ ಕೊಡಿ.