ಸಂಪಾದಕರ ಉತ್ತರ: ವಾರಸಾ ಬೇರೆ, ವಾಟ್ನಿ ಬೇರೆ

ಬೀಳಗಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: "ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. 4 ಎಕರೆ ಹೊಲದ ಉತಾರ (ಪಹಣಿ) ಇನ್ನೂ ಅಜ್ಜನ ಹೆಸರಲ್ಲೇ ಇದೆ. ತಂಗಿ ಸಹಿ ಮಾಡಲು ಬರುತ್ತಿಲ್ಲ. ಅಪ್ಪನ ಠೇವಣಿಗೆ ಅವ್ವ ನಾಮಿನಿ, ಆದರೂ ಬ್ಯಾಂಕಿನವರು ಕೋರ್ಟಿನ ಕಾಗದ ತನ್ನಿ ಅನ್ನುತ್ತಾರೆ. ಹೊಲ ಹಿನ್ನೀರಿಗೆ ಹೋಗುತ್ತದಂತೆ. ಎಲ್ಲಿಂದ ಶುರು ಮಾಡಲಿ?"

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಹಿ ಅನ್ನುವ ಮಾತು ಮತ್ತೆ ಮತ್ತೆ ಬಂದಿದೆ. ಆದರೆ ತಂಗಿಯಿಂದ ಯಾವ ಕಾಗದಕ್ಕೆ ಸಹಿ ಕೇಳಿದಿರಿ ಅನ್ನುವುದು ಎಲ್ಲೂ ಇಲ್ಲ.

ನಮ್ಮ ಕಡೆ ಕೆಲಸ ನಿಲ್ಲುವುದು ಜಾಸ್ತಿ ಇಲ್ಲೇ. ವಾರಸಾ ಅಂದರೆ ತೀರಿಕೊಂಡವರ ಹೆಸರು ತೆಗೆದು ಎಲ್ಲ ವಾರಸುದಾರರ ಹೆಸರನ್ನು ಉತಾರಕ್ಕೆ ಏರಿಸುವುದು. ಅಷ್ಟೇ. ಯಾರಿಗೆ ಎಷ್ಟು, ಯಾವ ಬದುವಿನ ಆಚೆ ಯಾರದು ಅನ್ನುವುದು ವಾಟ್ನಿ. ಅದನ್ನು ಮುಂದೆ ಕೂತು ಮಾಡಿಕೊಳ್ಳಬಹುದು. ವಾಟ್ನಿ ಕುದುರಲಿ, ಆಮೇಲೆ ವಾರಸಾ ನೋಡೋಣ ಅಂತ ಸುಮ್ನೆ ಕೂತರೆ ವರ್ಷಗಳು ಹಾಗೇ ಹೋಗುತ್ತವೆ. ಎಲ್ಲರ ಹೆಸರೂ ಇರುವ ವಾರಸಾ ವರ್ದಿಯನ್ನು, ಅಂದರೆ ಅರ್ಜಿಯನ್ನು, ವಾರಸುದಾರರಲ್ಲಿ ಒಬ್ಬರು ಕೊಟ್ಟರೂ ಆಗುತ್ತದೆ. ಉಳಿದವರಿಗೆ ನೋಟಿಸ್ ಹೋಗುತ್ತದೆ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಸೋದರತ್ತೆ ಊರಿಗೆ ಬಂದಾಗ ಅಪ್ಪ ಕಾಗದ ಮುಂದಿಟ್ಟರು. ಅತ್ತೆ ಚಷ್ಮಾ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಕೊನೆಗೆ ತಲೆ ಎತ್ತಿ, "ಅಣ್ಣಾ, ಇದರಾಗ ನನ್ನ ಪಾಲು ಎಲ್ಲೈತಿ?" ಅಂದರು. ಇರಲಿಲ್ಲ. ಅದು ಹಕ್ಕು ಬಿಡುಗಡೆ ಪತ್ರ, ಅಂದರೆ ನನ್ನ ಪಾಲು ಬಿಟ್ಟೆ ಅಂತ ಬರೆದುಕೊಡುವ ಕಾಗದ. ವಾರಸಾ ಕಾಗದ ಅಂತ ಹೇಳಿ ಕರೆಸಿದ್ದರು. ಪೆನ್ನು ಕೆಳಗಿಟ್ಟು ಹೋದ ಅತ್ತೆ ಮೂರು ವರ್ಷ ಪಂಚಮಿಗೂ ತವರಿಗೆ ಬರಲಿಲ್ಲ.

ನಿಮ್ಮ ತಂಗಿಗೂ ಅದೇ ಅಂಜಿಕೆ ಇರಬಹುದು, ಅಲ್ವಾ? ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ಅಪ್ಪ ಆ ವರ್ಷಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಹಕ್ಕು ತಪ್ಪುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವ್ವನೂ ವಾರಸುದಾರಳೇ. ಅವಳ ಹೆಸರು ಮರೆಯಬೇಡಿ.

ಉತಾರ ಅಜ್ಜನ ಹೆಸರಲ್ಲಿರುವುದರಿಂದ ವಂಶಾವಳಿಯೂ ಅಜ್ಜನಿಂದಲೇ ಶುರುವಾಗಬೇಕು. ಅಪ್ಪನ ಅಕ್ಕತಂಗಿಯರಿದ್ದರೆ ಅವರೂ ಅದರಲ್ಲಿ ಬರುತ್ತಾರೆ. ಅಜ್ಜನ ಮರಣ ದಾಖಲೆ ಇದೆಯಾ ನೋಡಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಇದಕ್ಕೇ ಹೊತ್ತು ಹಿಡಿಯುತ್ತದೆ, ಹಾಗಾಗಿ ಇದನ್ನೇ ಮೊದಲು ಹಿಡಿಯಿರಿ. ಉತಾರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ವರ್ದಿ ಕೊಟ್ಟ ದಿನವೇ ಸ್ವೀಕೃತಿ ಇಸಿದುಕೊಳ್ಳಿ. "ನಾಳೆ ಬಾ" ಅಂದವರ ಮುಂದೆ ಇಡಲು ಆ ಚೀಟಿ ಬೇಕು.

ಬ್ಯಾಂಕಿನ ವಿಷಯ ಇಷ್ಟು ತೊಡಕಿನದಲ್ಲ. ನಾಮಿನಿ ಇದ್ದು ತಕರಾರು ಇಲ್ಲದಿದ್ದರೆ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಾರದು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಕಾಗದಪತ್ರ ಪೂರ್ತಿ ಕೊಟ್ಟ 15 ದಿನದೊಳಗೆ ಇತ್ಯರ್ಥ ಮಾಡಬೇಕು. ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನವಾದರೂ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಸಹಾಯವಾಣಿ 14448. ಒಂದು ಮಾತು: ಅವ್ವ ನಾಮಿನಿಯಾಗಿ ಹಣ ಪಡೆದರೂ ಅದರಲ್ಲಿ ನಿಮ್ಮೆಲ್ಲರ ಪಾಲೂ ಇರುತ್ತದೆ.

ಇನ್ನು ಹಿನ್ನೀರು. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆಗೆ 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು. ನಿಮ್ಮ ಹೊಲದ ಸರದಿ ಬಂದಾಗಲೂ ಉತಾರದಲ್ಲಿ ಅಜ್ಜನೇ ಇದ್ದು, ಮನೆಯಲ್ಲಿ ತಕರಾರು ಎದ್ದರೆ, ಆ ಹಣ ನಿಮ್ಮ ಕೈಗೆ ಬರದೆ ಭೂಸ್ವಾಧೀನದ ತಕರಾರು ನೋಡುವ ಪ್ರಾಧಿಕಾರದಲ್ಲಿ ಠೇವಣಿಯಾಗಿ ಕೂರುತ್ತದೆ. ಹೊಲವೂ ಇಲ್ಲ, ದುಡ್ಡೂ ಇಲ್ಲ. ನಿಮಗೆ ಹಾಗಾಗುವುದು ಬೇಡ.

ಈ ವಾರವೇ ವರ್ದಿ ಬರೆಯಿರಿ. ತಂಗಿಗೆ ಫೋನ್ ಮಾಡುವ ಮೊದಲು ಅದರ ಫೋಟೊ ವಾಟ್ಸಾಪಿನಲ್ಲಿ ಕಳಿಸಿ. ಅವರ ಹೆಸರಿರುವ ಸಾಲು ಚೆನ್ನಾಗಿ ಕಾಣುವಂತಿರಲಿ.