ಫಸ್ಟ್ ಪಿಯುನಲ್ಲಿ ಅಂಕ ಇಳಿದಿದೆ, ಎಂಜಿನಿಯರಿಂಗ್ ಸೀಟು ಸಿಗುತ್ತದಾ?

ಪ್ರಶ್ನೆ: ನನ್ನ ಮಗ ಎಸ್ಸೆಸ್ಸೆಲ್ಸಿಯಲ್ಲಿ ಶೇ 88 ತೆಗೆದಿದ್ದ. ಫಸ್ಟ್ ಪಿಯು ಸೈನ್ಸ್‌ನಲ್ಲಿ ಶೇ 61ಕ್ಕೆ ಇಳಿದಿದ್ದಾನೆ. ಸೆಕೆಂಡ್ ಪಿಯುನಲ್ಲಿ ಸುಧಾರಿಸಿಕೊಂಡರೆ ಸಿಇಟಿ ಮೂಲಕ ಎಂಜಿನಿಯರಿಂಗ್ ಸೀಟು ಸಿಗಬಹುದೇ? ಕಾಲೇಜು ಪರೀಕ್ಷೆ ಪಾಸಾದರೆ ಸಾಕು, ಕೋಚಿಂಗ್ ಕಡೆ ಗಮನ ಕೊಡಿ ಎನ್ನುತ್ತಾರೆ ಕೆಲವರು. ನಿಜವೇ?
– ಒಬ್ಬ ತಾಯಿ, ಹಾಸನ

ಉತ್ತರ: ‘ಪಾಸಾದರೆ ಸಾಕು’ ಎಂಬ ಮಾತು ನೀಟ್‌ನಿಂದ ಬಂದದ್ದು. ಮೆಡಿಕಲ್ ಸೀಟಿಗೆ ಪಿಯು ಅಂಕ ಬರೀ ಅರ್ಹತೆಗೆ, ರ‍್ಯಾಂಕ್‌ಗೆ ಅಲ್ಲ. ಕಾಮೆಡ್‌–ಕೆ (ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆ) ಕೂಡ ಹಾಗೆಯೇ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕ್ ಮಾತ್ರ ಬೇರೆ. ಅದರಲ್ಲಿ ಅರ್ಧ ಪಾಲು ಸಿಇಟಿಯದು, ಇನ್ನರ್ಧ ಸೆಕೆಂಡ್ ಪಿಯು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಗಳದು.

ಲೆಕ್ಕ ಹಾಕಿ ನೋಡಿ. ಈ ಮೂರು ವಿಷಯಗಳಿಂದ ಪಿಯುನಲ್ಲಿ 300 ಅಂಕ, ಸಿಇಟಿಯಲ್ಲಿ 180. ನಿಮ್ಮ ಮಗ ಪಿಯುನಲ್ಲಿ 210ರ ಬದಲು 240 ತೆಗೆದರೆ, ಸಿಇಟಿಯಲ್ಲಿ 18 ಅಂಕ ಹೆಚ್ಚು ತೆಗೆದಷ್ಟೇ ಲಾಭ (ಎರಡೂ ಶೇ 10).​ ಸಿಇಟಿಯಲ್ಲಿ ಆ 18 ಅಂಕ ಏರಿಸುವುದು ಎಷ್ಟು ಕಷ್ಟವೆಂದು ಬರೆದವರನ್ನು ಕೇಳಿ! ಪಿಯುನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿಗೆ ತಲಾ 30 ಅಂಕ ಪ್ರಾಕ್ಟಿಕಲ್‌ಗೇ ಇದೆ. ಕೋಚಿಂಗ್ ಭರಾಟೆಯಲ್ಲಿ ಲ್ಯಾಬ್ ತಪ್ಪಿಸುವ ಹುಡುಗರು ಅದನ್ನು ಸುಮ್ಮನೆ ಬಿಟ್ಟುಕೊಡುತ್ತಾರೆ.

ಫಸ್ಟ್ ಪಿಯು ಅಂಕವನ್ನು ಈ ರ‍್ಯಾಂಕ್‌ಗೆ ಯಾರೂ ಸೇರಿಸುವುದಿಲ್ಲ, ಎಸ್ಸೆಸ್ಸೆಲ್ಸಿಯದನ್ನೂ ಅಷ್ಟೇ. ಶೇ 61ರ ಚಿಂತೆ ಬಿಡಿ. ಆದರೆ ಸಿಇಟಿ ಪ್ರಶ್ನೆಗಳು ಫಸ್ಟ್ ಪಿಯು ಪಾಠದಿಂದಲೂ ಬರುತ್ತವೆ. ಅಲ್ಲಿ ಟ್ರಿಗನಾಮೆಟ್ರಿ ಅರ್ಥವಾಗದವನಿಗೆ ಸೆಕೆಂಡ್ ಪಿಯುನ ಕ್ಯಾಲ್ಕುಲಸ್ ಕೂಡ ಕೈ ಕೊಡುತ್ತದೆ. ಯಾವ ಅಧ್ಯಾಯಗಳಲ್ಲಿ ಎಡವಿದ್ದಾನೆಂದು ಹಳೆಯ ಉತ್ತರಪತ್ರಿಕೆ ಇಟ್ಟುಕೊಂಡು ಗುರುತಿಸಿ, ರಜೆಯಲ್ಲೇ ಅಷ್ಟನ್ನು ಮುಗಿಸಲಿ. ಕನ್ನಡ, ಇಂಗ್ಲಿಷ್ ಅಂಕಗಳು ಸಿಇಟಿ ರ‍್ಯಾಂಕ್‌ಗೆ ಸೇರುವುದಿಲ್ಲ. ರಾಷ್ಟ್ರಮಟ್ಟದ ಜೆಇಇ ಪರೀಕ್ಷೆ ಮೂಲಕ ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆಯಾದ ಎನ್‌ಐಟಿ ಆಸೆಯಿದ್ದರೆ ಮಾತ್ರ ಒಟ್ಟು ಅಂಕವನ್ನೂ ಗಮನಿಸಬೇಕು. ಅಲ್ಲಿ ಸಾಮಾನ್ಯ ವರ್ಗಕ್ಕೆ ಶೇ 75 ಅಥವಾ ಬೋರ್ಡ್‌ನ ಮೇಲಿನ ಶೇ 20ರೊಳಗಿನ ಸ್ಥಾನ ಬೇಕು.

ಮಾರ್ಚ್ ಪರೀಕ್ಷೆ ಕೈಕೊಟ್ಟರೂ ದಾರಿಯಿದೆ. 2024ರಿಂದ ದ್ವಿತೀಯ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದದ್ದೇ ಉಳಿಯುತ್ತದೆ. 2024, 2025ರಲ್ಲಿ ಸಿಇಟಿ ಮುಗಿದ ಮೇಲೆಯೇ ಎರಡನೇ ಪಿಯು ಪರೀಕ್ಷೆ (ಎಕ್ಸಾಂ–2) ನಡೆಯಿತು. ಹಾಗಾಗಿ ಅದಕ್ಕೆ ಓದಲು ಸಿಇಟಿ ತಯಾರಿ ಬಿಡಬೇಕಾಗಿ ಬರಲಿಲ್ಲ. ಹೊಸ ಅಂಕ ಪರಿಗಣಿಸುವ ಬಗ್ಗೆ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ಆ ವರ್ಷ ಹೊರಡಿಸುವ ಸೂಚನೆಯನ್ನು ನೀವೇ ಓದಿ, ಗೆಳೆಯರ ವಾಟ್ಸ್‌ಆ್ಯಪ್ ಗುಂಪನ್ನು ನೆಚ್ಚಬೇಡಿ.